ಎಪಿಡೆಮಿಯಾಲಜಿಯಲ್ಲಿ ಪಿಎಚ್‌ಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸಿಂಗ್ ಓದುತ್ತಿರುವವರು, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರು, ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳು, ಕೆಲವೊಮ್ಮೆ ಅವರ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ನಾನು ಮಲೆನಾಡಿನ ಹಳ್ಳಿಗಳಲ್ಲಿ ಬಿಪಿ ಬಗ್ಗೆ ಅಧ್ಯಯನ ಮಾಡಿ ಪಿಎಚ್‌ಡಿ ಮುಗಿಸಿದವಳು. ಗೊತ್ತಿರುವುದನ್ನು ಬಿಡಿಸಿ ಹೇಳುತ್ತೇನೆ.

ಎಪಿಡೆಮಿಯಾಲಜಿ ಅಂದ್ರೆ ಚರ್ಮದ ಕಾಯಿಲೆಯ ಓದಾ?

ಅಲ್ಲ. ಯಾವ ಕಾಯಿಲೆ ಎಷ್ಟು ಜನಕ್ಕೆ, ಎಲ್ಲಿ, ಯಾಕೆ ಬರುತ್ತದೆ ಎಂದು ಲೆಕ್ಕ ಹಿಡಿದು ಹುಡುಕುವ ಓದು ಇದು. ಚರ್ಮದ ಮೇಲ್ಪದರಕ್ಕೆ ಎಪಿಡರ್ಮಿಸ್ ಅನ್ನುತ್ತಾರೆ. ಹೆಸರು ಹತ್ತಿರ ಇರುವುದರಿಂದ ಈ ಗೊಂದಲ ತುಂಬಾ ಜನಕ್ಕೆ ಆಗುತ್ತದೆ. ಕನ್ನಡದಲ್ಲಿ ಇದನ್ನು ಸಾಂಕ್ರಾಮಿಕ ರೋಗಶಾಸ್ತ್ರ ಎಂದು ಕರೆಯುವುದುಂಟು. ಆ ಹೆಸರು ಅರ್ಧ ಮಾತ್ರ ಸರಿ. ಬಿಪಿ, ಶುಗರ್, ಕ್ಯಾನ್ಸರ್, ರಸ್ತೆ ಅಪಘಾತ, ಆತ್ಮಹತ್ಯೆ, ಇವೆಲ್ಲ ಅಂಟುರೋಗಗಳಲ್ಲ. ಆದರೂ ಇದೇ ಓದಿನೊಳಗೆ ಬರುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. 2025ರ ಜೂನ್ ಹೊತ್ತಿಗೆ ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸಾಲಾಗಿ ಸಾಯುತ್ತಿದ್ದಾರೆ ಎಂಬ ಸುದ್ದಿ ಬಂತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು ಎಂದು ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ಜನ ಹೆದರಿ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಆಗ ಕೇಳಬೇಕಾದ ಪ್ರಶ್ನೆ ಏನು? ಎಷ್ಟು ಜನರಲ್ಲಿ 20? ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲೇ 17 ಲಕ್ಷ ದಾಟಿತ್ತು. ಅಷ್ಟು ಜನರಲ್ಲಿ 40 ದಿನಕ್ಕೆ ಎಷ್ಟು ಹೃದಯಾಘಾತ ಸಾಮಾನ್ಯ? ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು? ಪಕ್ಕದ ಜಿಲ್ಲೆಯಲ್ಲಿ ಎಷ್ಟು? ಸರ್ಕಾರ ತಜ್ಞರ ಸಮಿತಿ ಮಾಡಿತು. ಅಸಹಜ ಏರಿಕೆ ಕಂಡಿಲ್ಲ ಎಂದು ಸಮಿತಿ ಹೇಳಿತು.

ಶಾಲೆಯಲ್ಲಿ ಭಿನ್ನರಾಶಿ ಕಲಿತಿದ್ದೇವಲ್ಲ, ಮೇಲೆ ಅಂಶ, ಕೆಳಗೆ ಛೇದ. ಸುದ್ದಿಯಲ್ಲಿ ಬರುವುದು ಬಹುತೇಕ ಅಂಶ ಮಾತ್ರ. ಛೇದವನ್ನು ಹುಡುಕಿ ತರುವುದು ನಮ್ಮ ಕೆಲಸ. ಪಿಎಚ್‌ಡಿಯ ಹೆಚ್ಚಿನ ಕಷ್ಟವೂ ಅಲ್ಲೇ ಇದೆ. ಹಾಗಂತ ಸತ್ತ ಆ ಹುಡುಗರ ಮನೆಯ ದುಃಖ ಚಿಕ್ಕದು ಎಂದು ಖಂಡಿತ ಅಲ್ಲ. ಕಾರಣ ಸರಿಯಾಗಿ ಗೊತ್ತಾಗಬೇಕಾದರೆ ಮೊದಲು ಲೆಕ್ಕ ಸರಿ ಇರಬೇಕು, ಅಷ್ಟೇ.

ಎಂಬಿಬಿಎಸ್ ಆಗಿರಲೇಬೇಕಾ?

ಬೇಡ. ನನ್ನ ಜೊತೆ ಓದಿದವರಲ್ಲಿ ದಂತವೈದ್ಯರಿದ್ದರು, ನರ್ಸಿಂಗ್ ಮಾಡಿದವರಿದ್ದರು, ಸಂಖ್ಯಾಶಾಸ್ತ್ರದವರಿದ್ದರು, ಒಬ್ಬ ಪಶುವೈದ್ಯರೂ ಇದ್ದರು. ಪ್ರಾಣಿಗಳಿಂದ ಮನುಷ್ಯರಿಗೆ ಬರುವ ಕಾಯಿಲೆಗಳ ವಿಷಯ ಬಂದಾಗ ಆ ಪಶುವೈದ್ಯರು ನಮ್ಮೆಲ್ಲರಿಗಿಂತ ಮುಂದೆ ಇರುತ್ತಿದ್ದರು. ಸಾಮಾನ್ಯವಾಗಿ ಬೇಕಾಗುವುದು ಶೇ. 55 ಅಂಕಗಳ ಸ್ನಾತಕೋತ್ತರ ಪದವಿ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದರೂ ಅರ್ಜಿ ಹಾಕಬಹುದು. ಆದರೆ ಯಾವ ವಿಷಯದ ಪದವಿ ನಡೆಯುತ್ತದೆ ಎಂಬುದನ್ನು ಆಯಾ ಸಂಸ್ಥೆ ತೀರ್ಮಾನಿಸುತ್ತದೆ. ಅಧಿಸೂಚನೆಯನ್ನು ಕೊನೆಯ ಸಾಲಿನವರೆಗೂ ಓದಿ.

ಎಂಡಿ ಕಮ್ಯುನಿಟಿ ಮೆಡಿಸಿನ್ ಆಗಿದೆ. ಮತ್ತೆ ಪಿಎಚ್‌ಡಿ ಯಾಕೆ?

ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವುದಷ್ಟೇ ನಿಮ್ಮ ಗುರಿಯಾದರೆ ಬೇಕಿಲ್ಲ. ಎಂಡಿಯಲ್ಲಿ ಥೀಸಿಸ್ ಇದ್ದರೂ ಪೋಸ್ಟಿಂಗ್, ಪಾಠ, ಪರೀಕ್ಷೆಗಳ ನಡುವೆ ಅದಕ್ಕೆ ಸಿಗುವ ಸಮಯ ಕಡಿಮೆ. ಒಂದೇ ಪ್ರಶ್ನೆಯ ಹಿಂದೆ ನಾಲ್ಕೈದು ವರ್ಷ ಹೋಗಬೇಕು ಎಂಬ ಆಸೆ ಇದ್ದರೆ ಮಾತ್ರ ಪಿಎಚ್‌ಡಿಗೆ ಬನ್ನಿ.

ಗಣಿತದಲ್ಲಿ ನಾನು ವೀಕ್. ಆಗುತ್ತಾ?

ಆಗುತ್ತದೆ. ಶೇಕಡಾ, ಅನುಪಾತ, ಲಾಗರಿದಮ್ ಇಷ್ಟರ ಭಯ ಹೋದರೆ ರಿಗ್ರೆಶನ್ (ಹಲವು ಸಂಗತಿಗಳಲ್ಲಿ ಯಾವುದರ ಸಂಬಂಧ ಎಷ್ಟು ಎಂದು ಬೇರ್ಪಡಿಸುವ ಲೆಕ್ಕ) ಕಲಿಯಬಹುದು. ಸೂತ್ರಕ್ಕಿಂತ ಕಷ್ಟವಾದದ್ದು ಯೋಚನೆ ಮಾಡುವ ರೀತಿ.

ನನ್ನದೇ ದತ್ತಾಂಶದ ಮಾತು ಹೇಳುತ್ತೇನೆ. ಎಲೆಅಡಿಕೆ ಹಾಕುವವರಲ್ಲಿ ಬಿಪಿ ಜಾಸ್ತಿ ಎಂದು ಮೊದಲ ಟೇಬಲ್‌ನಲ್ಲೇ ಕಂಡಿತು. ನನಗೋ ಖುಷಿ, ಏನೋ ಸಿಕ್ಕಿಬಿಟ್ಟಿತು ಅಂತ. ಗೈಡ್ ಒಂದೇ ಪ್ರಶ್ನೆ ಕೇಳಿದರು: ‘ಎಲೆಅಡಿಕೆ ಹಾಕುವವರ ವಯಸ್ಸು ಎಷ್ಟು?’ ನೋಡಿದರೆ ಹೆಚ್ಚಿನವರು ವಯಸ್ಸಾದವರು. ವಯಸ್ಸಾದಂತೆ ಬಿಪಿ ಏರುವುದು ಎಲ್ಲರಿಗೂ ಗೊತ್ತು. ಒಂದೇ ವಯಸ್ಸಿನವರನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಯಿತು. ಇದನ್ನೇ ಕನ್‌ಫೌಂಡಿಂಗ್ ಅನ್ನುವುದು. ಎರಡು ಸಂಗತಿಗಳ ಮಧ್ಯೆ ಮೂರನೆಯದು ನುಸುಳಿಕೊಂಡು ಕೂತಿರುತ್ತದೆ. ಅದನ್ನು ಹಿಡಿಯಲು ಗಣಿತ ಬೇಕು ನಿಜ, ಆದರೆ ಊರು ಗೊತ್ತಿರಬೇಕಾದದ್ದು ಅದಕ್ಕಿಂತ ಮೊದಲು.

ಯಾವ ಸಾಫ್ಟ್‌ವೇರ್ ಕಲಿಯಲಿ?

ಆರ್ (R), ಅಂಕಿಅಂಶಗಳ ಲೆಕ್ಕಕ್ಕೆ ಬಳಸುವಂಥದ್ದು. ದುಡ್ಡು ಕೊಡಬೇಕಿಲ್ಲ. ಕೆಲವು ಕಡೆ ಸ್ಟಾಟಾ ಬಳಸುತ್ತಾರೆ, ಒಂದು ಬಂದರೆ ಇನ್ನೊಂದು ಬೇಗ ಬರುತ್ತದೆ.

ಕರ್ನಾಟಕದಲ್ಲೇ ಇದ್ದು ಮಾಡುವಂಥ ದೊಡ್ಡ ವಿಷಯಗಳು ಇವೆಯಾ?

ಈ ಪ್ರಶ್ನೆ ಕೇಳಿದರೆ ನನಗೆ ಮಾತು ನಿಲ್ಲುವುದಿಲ್ಲ. ಮೂರು ಕತೆ ಹೇಳುತ್ತೇನೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೂ ಜ್ವರ. ಮಂಗ ಸಾಯುತ್ತಿದೆ ಎಂದರೆ ಹಳದಿ ಜ್ವರ ಇರಬಹುದೇ ಎಂಬ ಭಯ ಮೊದಲು ಹುಟ್ಟಿತು. ಅದು ಭಾರತದಲ್ಲಿ ಇಲ್ಲದ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಜಗತ್ತಿಗೇ ಹೊಸ ವೈರಸ್ ಎಂದು ಗೊತ್ತಾಯಿತು. ಹರಡುವುದು ಉಣುಗಿನಿಂದ. ಅದೇ ನಮ್ಮ ಮಂಗನ ಕಾಯಿಲೆ. ತರಗೆಲೆ, ಸೌದೆ ತರಲು ಕಾಡಿಗೆ ಹೋಗುವ ಬೇಸಿಗೆಯ ತಿಂಗಳುಗಳಲ್ಲಿ ಇಂದಿಗೂ ಕಾಣಿಸುತ್ತದೆ. ಒಂದು ವರ್ಷ ಈ ಊರಿಗೆ ಬಂದದ್ದು ಪಕ್ಕದ ಊರಿಗೆ ಯಾಕೆ ಬರಲಿಲ್ಲ? ಈ ಒಂದು ಪ್ರಶ್ನೆಯಲ್ಲಿ ಹತ್ತು ಪಿಎಚ್‌ಡಿಗೆ ಆಗುವಷ್ಟು ಕೆಲಸ ಇದೆ.

ಎರಡನೆಯದು ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯದು. ಹಳಬರು ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ನರ್ಸುಗಳು ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಆ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಮೈಸೂರಿನ ಬೀದಿ ಬೀದಿ ಹುಡುಕಿದರು. 517 ಜನ ಸಿಕ್ಕರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಎಂದು 1996ರಲ್ಲಿ ಪ್ರಕಟವಾಯಿತು. ತೂಕ ಬರೆದಿಟ್ಟ ಆ ನರ್ಸುಗಳಿಗೆ ಮುಂದೊಂದು ದಿನ ಹೀಗಾಗುತ್ತದೆ ಎಂದು ಗೊತ್ತಿದ್ದಿರಲಾರದು. ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ್ದರು, ಅಷ್ಟೇ. ನಿಮ್ಮ ತಾಲೂಕು ಆಸ್ಪತ್ರೆಯ ಹಳೆಯ ರಿಜಿಸ್ಟರ್‌ಗಳನ್ನು ಒಮ್ಮೆ ತೆರೆದು ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮೂರನೆಯದು ಕ್ಷಯದ್ದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. 1961ರಿಂದ 68ರವರೆಗೆ ಅಲ್ಲಿನವರು ಆಗಿನ ಬೆಂಗಳೂರು ಜಿಲ್ಲೆಯ ಮೂರು ತಾಲೂಕುಗಳ 119 ಹಳ್ಳಿಗಳಲ್ಲಿ ಅದೇ ಜನರನ್ನು ನಾಲ್ಕು ಸಲ ಪರೀಕ್ಷೆ ಮಾಡಿದರು. ಕ್ಷಯ ಇದ್ದವರಲ್ಲಿ ಐದು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ತೀರಿಕೊಂಡರು. ಮೂರನೇ ಒಂದು ಭಾಗದವರ ಕಫದಲ್ಲಿ ರೋಗಾಣು ತಾನಾಗಿ ಕಾಣದಾಯಿತು. ಉಳಿದವರಲ್ಲಿ ಕಾಯಿಲೆ ಹಾಗೇ ಇತ್ತು. ಚಿಕಿತ್ಸೆ ಸಿಗದಿದ್ದರೆ ಕ್ಷಯ ಏನು ಮಾಡುತ್ತದೆ ಎಂದು ಹೇಳುವಾಗ ಇಂದಿಗೂ ಈ ಲೆಕ್ಕವನ್ನು ಉದಾಹರಿಸುತ್ತಾರೆ. ಓದುವಾಗ ನನಗೆ ಪ್ರತಿ ಸಲ ಸಂಕಟ ಆಗುತ್ತದೆ. ಆ ಶೇಕಡಾವಾರಿನೊಳಗೆ ಇದ್ದವರು ನಮ್ಮ ಅಜ್ಜ ಅಜ್ಜಿಯ ವಾರಗೆಯವರು.

ಎಲ್ಲೆಲ್ಲಿ ಮಾಡಬಹುದು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಪಿಡೆಮಿಯಾಲಜಿಗೇ ಬೇರೆ ವಿಭಾಗ ಇದೆ. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಮುಂದಾಳತ್ವ ನಿಮ್ಹಾನ್ಸ್‌ನದೇ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇದೆ, ಮಣಿಪಾಲದಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಒಂದು ಸ್ಕೂಲ್ ಇದೆ. ಹೊರಗೆ ಹೋಗಲು ಸಿದ್ಧರಿದ್ದರೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ, ವೆಲ್ಲೂರಿನ ಸಿಎಂಸಿ, ದೆಹಲಿಯ ಜೆಎನ್‌ಯು ನೋಡಿ. ಕೆಲವು ಕಡೆ ಪದವಿಯ ಹೆಸರು ಪಬ್ಲಿಕ್ ಹೆಲ್ತ್ ಅಥವಾ ಕಮ್ಯುನಿಟಿ ಮೆಡಿಸಿನ್ ಎಂದಿರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗೈಡ್ ಯಾರು, ಅವರು ಮಾಡಿರುವ ಕೆಲಸ ಎಂಥದ್ದು ಎಂಬುದೇ ಮುಖ್ಯ.

ಪ್ರವೇಶ ಮತ್ತು ಫೆಲೋಶಿಪ್ ಹೇಗೆ?

ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಸೋಶಿಯಲ್ ಮೆಡಿಸಿನ್ ಆಂಡ್ ಕಮ್ಯುನಿಟಿ ಹೆಲ್ತ್ ಎಂಬ ವಿಷಯ ಇದೆ. ತುಂಬಾ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. 2024ರಿಂದ ನೆಟ್ ಅಂಕಗಳನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸಬಹುದು. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಕೊಡುವ ಫೆಲೋಶಿಪ್) ಬಾರದೆ ಬರೀ ಪ್ರವೇಶಕ್ಕೆ ಅರ್ಹರಾದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಜೆಆರ್‌ಎಫ್ ಪರೀಕ್ಷೆ ನಡೆಸುತ್ತದೆ.

ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಮೇಲಿನ ಹಂತದ ಎಸ್‌ಆರ್‌ಎಫ್ ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಕೇಳಲು ಚೆನ್ನಾಗಿದೆ, ಆದರೆ ಪ್ರತಿ ತಿಂಗಳು ಒಂದನೇ ತಾರೀಕಿಗೆ ಬರುತ್ತದೆ ಎಂದು ನಂಬಿ ಸಾಲದ ಕಂತು ಇಟ್ಟುಕೊಳ್ಳಬೇಡಿ. ನನಗೆ ಒಮ್ಮೆ ಐದು ತಿಂಗಳ ಹಣ ಒಟ್ಟಿಗೆ ಬಂತು. ಆ ಐದು ತಿಂಗಳು ಅಣ್ಣನ ಸಂಬಳದಲ್ಲಿ ಬದುಕಿದೆ. ಕೈಯಲ್ಲಿ ಆರು ತಿಂಗಳ ಖರ್ಚು ಇಟ್ಟುಕೊಂಡೇ ಸೇರಿ.

ಎಷ್ಟು ವರ್ಷ ಹಿಡಿಯುತ್ತೆ?

ಯುಜಿಸಿ ನಿಯಮದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗುತ್ತದೆ. ಹೆಣ್ಣುಮಕ್ಕಳಿಗೂ ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು ವರ್ಷ. ಊರೂರು ತಿರುಗಿ ದತ್ತಾಂಶ ತರುವವರಿಗೆ ನಾಲ್ಕು ವರ್ಷ ಕಡಿಮೆಯೇ. ನನಗೆ ಐದೂವರೆ ಆಯಿತು.

ಮದುವೆ, ಮಗು ಇದ್ದರೆ ಆಗುತ್ತಾ?

ಅವಧಿಯೊಳಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ. ರಜೆಗಿಂತ ಮುಖ್ಯವಾದದ್ದು ಮನೆಯವರ ಜೊತೆಗಿನ ಮಾತು. ಫೀಲ್ಡ್‌ವರ್ಕ್ ಇರುವ ಆರೆಂಟು ತಿಂಗಳು ನೀವು ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಬರುತ್ತೀರಿ. ಇದನ್ನು ಅತ್ತೆ ಮಾವ, ಗಂಡ ಎಲ್ಲರಿಗೂ ಮೊದಲೇ ಬಿಡಿಸಿ ಹೇಳಿ. ಆಮೇಲೆ ಹೇಳುತ್ತೇನೆ ಎಂದು ಮುಂದೂಡಬೇಡಿ. ಮಗು ಸಣ್ಣದಿದ್ದರೆ ಕೋರ್ಸ್‌ವರ್ಕ್ ಮತ್ತು ಬರವಣಿಗೆಯನ್ನು ಆ ಕಾಲಕ್ಕೆ ಹೊಂದಿಸಿಕೊಳ್ಳಿ.

ಗೈಡ್ ಹೇಗೆ ಆರಿಸಲಿ?

ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಎರಡು ಪ್ರಶ್ನೆ ಕೇಳಿ: ‘ನೀವು ಕಳಿಸಿದ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು? ಫೀಲ್ಡ್‌ಗೆ ಅವರು ಎಷ್ಟು ಸಲ ಬಂದಿದ್ದರು?’ ಪ್ರೊಫೆಸರ್‌ಗೆ ಒಮ್ಮೆಗೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ವಿದ್ಯಾರ್ಥಿಗಳ ಮಿತಿ ಇದೆ. ಈಗಾಗಲೇ ಏಳು ಜನ ಇರುವ ದೊಡ್ಡ ಹೆಸರಿಗಿಂತ ಇಬ್ಬರೇ ಇರುವ ಕಿರಿಯರು ಹೆಚ್ಚು ಸಮಯ ಕೊಡಬಹುದು. ನನ್ನ ಗೈಡ್ ಉಣುಗು ಕಚ್ಚಿಸಿಕೊಂಡು ನನ್ನ ಜೊತೆ ತೋಟ ತಿರುಗಿದವರು. ಅಂಥವರು ಸಿಕ್ಕರೆ ಬಿಡಬೇಡಿ.

ಎಥಿಕ್ಸ್ ಕಮಿಟಿ ಅಂದ್ರೆ ಯಾಕೆ ಎಲ್ಲರೂ ಹೆದರುತ್ತಾರೆ?

ಅಧ್ಯಯನದಿಂದ ಜನಕ್ಕೆ ತೊಂದರೆ ಆಗದಂತೆ ನೋಡಿ ಒಪ್ಪಿಗೆ ಕೊಡುವ ಸಮಿತಿ ಅದು. ಹೆದರುವುದು ತಡವಾಗುತ್ತದೆ ಎಂಬುದಕ್ಕೆ. ನನ್ನ ಅರ್ಜಿ ಒಂದು ಕಮಿಟಿಯಲ್ಲಿ ಏಳು ತಿಂಗಳು ಕೂತಿತ್ತು. ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಗಿ ಹಳ್ಳಿಗಳಲ್ಲಿ ಮಾತಿಗೆ ಜನ ಸಿಗದ ಹಾಗಾಯಿತು. ಆದರೂ ಆ ಕಮಿಟಿ ಕೇಳಿದ ಒಂದು ಪ್ರಶ್ನೆಗೆ ನಾನು ಋಣಿ: ‘ಬಿಪಿ ತುಂಬಾ ಜಾಸ್ತಿ ಇರುವವರು ಸಿಕ್ಕರೆ ಅವರನ್ನು ಏನು ಮಾಡುತ್ತೀರಿ?’ ನನ್ನ ಪ್ರಸ್ತಾವದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಪಿಎಚ್‌ಸಿ ಡಾಕ್ಟರ ಜೊತೆ ಮಾತಾಡಿ, ಅಂಥವರನ್ನು ಅದೇ ದಿನ ಕಳಿಸುವ ವ್ಯವಸ್ಥೆ ಮಾಡಿಕೊಂಡೆ. ಒಂದು ಬೆಳಿಗ್ಗೆ 220/130 ಇದ್ದ ಒಬ್ಬರು ಸಿಕ್ಕರು. ಮೇಲೆ ಕ್ಷಯದ ಲೆಕ್ಕ ಹೇಳಿದೆನಲ್ಲ, ಇವತ್ತು ಯಾರೂ ಹಾಗೆ ಸುಮ್ನೆ ಎಣಿಸಿಕೊಂಡು ಕೂರುವಂತಿಲ್ಲ. ಕೂರಲೂಬಾರದು. ಅರ್ಜಿಯನ್ನು ಬೇಗ ಹಾಕಿ, ಕಾಯುವ ಕಾಲಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಿ.

ಫೀಲ್ಡ್‌ವರ್ಕ್‌ಗೆ ಕನ್ನಡ ಎಷ್ಟು ಮುಖ್ಯ?

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯ. ನಮ್ಮ ಮೊದಲ ಪ್ರಶ್ನಾವಳಿಯಲ್ಲಿ ‘ತಮಗೆ ಅಧಿಕ ರಕ್ತದೊತ್ತಡ ಇದೆಯೇ?’ ಎಂದಿತ್ತು. ಜನ ಮುಖ ಮುಖ ನೋಡಿದರು. ‘ಬಿಪಿ ಇದೆಯಾ?’ ಎಂದು ಬದಲಿಸಿದೆವು. ಒಬ್ಬ ಅಮ್ಮ ಹೇಳಿದರು: ‘ಇತ್ತು ಮಗಾ, ಮಾತ್ರೆ ತಗೊಂಡೆ, ಹೋಯ್ತು.’ ಆಕೆ ಇನ್ನೂ ದಿನಾ ಮಾತ್ರೆ ನುಂಗುತ್ತಿದ್ದರು! ಇದನ್ನು ‘ಇಲ್ಲ’ ಎಂದು ಬರೆದುಕೊಂಡರೆ ಇಡೀ ಲೆಕ್ಕ ಕೆಡುತ್ತದೆ. ಕೊನೆಗೆ ಪ್ರಶ್ನೆಯನ್ನು ಎರಡಾಗಿ ಒಡೆದೆವು. ‘ಡಾಕ್ಟರೋ ನರ್ಸೋ ಯಾವತ್ತಾದರೂ ನಿಮಗೆ ಬಿಪಿ ಜಾಸ್ತಿ ಇದೆ ಅಂದಿದ್ದರಾ?’ ಆಮೇಲೆ, ‘ಈ ಎರಡು ವಾರದಲ್ಲಿ ಅದಕ್ಕೆ ಮಾತ್ರೆ ತಗೊಂಡಿದ್ದೀರಾ?’ ಜೊತೆಗೆ ಮಾತ್ರೆಯ ಸ್ಟ್ರಿಪ್ ತೋರಿಸಿ ಎನ್ನುತ್ತಿದ್ದೆವು.

ವಯಸ್ಸು ಕೇಳುವುದು ಇನ್ನೊಂದು ಕಷ್ಟ. ಎಲ್ಲರೂ 45, 50, 55 ಎಂದೇ ಹೇಳುತ್ತಾರೆ. ಚಿಕ್ಕಮಗಳೂರಲ್ಲಿ ಇಂದಿರಾ ಗಾಂಧಿ ಓಟಿಗೆ ನಿಂತಾಗ ನೀವು ಶಾಲೆಗೆ ಹೋಗುತ್ತಿದ್ದಿರಾ, ಎಷ್ಟನೇ ಕ್ಲಾಸು ಎಂದು ಕೇಳತೊಡಗಿದೆವು. ಅದು 1978. ಆ ಕಡೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಅಲ್ಲಿಂದ ಲೆಕ್ಕ ಹಾಕುತ್ತಿದ್ದೆವು.

ಮತ್ತೆ ಯಾವ ಹೊತ್ತಿಗೆ ಹೋಗುತ್ತೀರಿ ಎಂಬುದು. ಹಗಲು ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಸಿಗುವುದು ವಯಸ್ಸಾದವರು, ಇಲ್ಲವೇ ಹುಷಾರಿಲ್ಲದೆ ಮಲಗಿದವರು. ಗಟ್ಟಿಮುಟ್ಟಾದವರು ತೋಟದಲ್ಲಿ ಇರುತ್ತಾರೆ. ಹಾಗೆ ಸಿಕ್ಕವರನ್ನಷ್ಟೇ ಅಳೆದರೆ ಊರಿಗೆ ಊರೇ ಕಾಯಿಲೆಯ ಊರು ಎಂದು ಕಾಣುತ್ತದೆ. ಇಲ್ಲಿ ಮತ್ತೆ ಛೇದದ ಮಾತೇ ಬರುತ್ತದೆ. ನಾವು ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗುತ್ತಿದ್ದೆವು. ಸಿಗದವರ ಮನೆಗೆ ಮೂರು ಸಲ ಹೋಗುತ್ತಿದ್ದೆವು. ಆಶಾ ಕಾರ್ಯಕರ್ತೆ ಜೊತೆಗಿರದಿದ್ದರೆ ಅರ್ಧ ಮನೆಗಳ ಬಾಗಿಲೂ ತೆರೆಯುತ್ತಿರಲಿಲ್ಲ. ಅವರ ಹೆಸರುಗಳನ್ನು ಥೀಸಿಸ್‌ನ ಕೃತಜ್ಞತೆಯಲ್ಲಿ ಎಲ್ಲಕ್ಕಿಂತ ಮೊದಲು ಬರೆದೆ.

ಊರೂರು ತಿರುಗಲು ಆಗಲ್ಲ. ಬೇರೆ ದಾರಿ ಇದೆಯಾ?

ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019–21ರದ್ದು, 6 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿದೆ. 45 ದಾಟಿದವರ ಬಗ್ಗೆ ಲಾಸಿ ಅಧ್ಯಯನ ಇದೆ, ಅದರ ಮೊದಲ ಸುತ್ತು 2017–18ರಲ್ಲಿ ನಡೆಯಿತು. ಇಂಥ ದತ್ತಾಂಶ ಕೇಳಿಕೊಂಡ ಸಂಶೋಧಕರಿಗೆ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಇವುಗಳಲ್ಲಿ ಒಳ್ಳೆಯ ಪಿಎಚ್‌ಡಿ ಮಾಡಬಹುದು. ಒಂದೇ ಕೋರಿಕೆ: ಒಂದು ವಾರವಾದರೂ ಯಾವುದಾದರೂ ಸರ್ವೆಯವರ ಜೊತೆ ಮನೆ ಮನೆಗೆ ಹೋಗಿ ಬನ್ನಿ. ಕಂಪ್ಯೂಟರ್‌ನಲ್ಲಿ ಕಾಣುವ ‘ಇಲ್ಲ’ ಎಂಬ ಉತ್ತರದ ಹಿಂದೆ ಏನಿರಬಹುದು ಎಂದು ಆಮೇಲೆ ಗೊತ್ತಾಗುತ್ತದೆ.

ವಿದೇಶದಲ್ಲಿ ಮಾಡುವುದು ಒಳ್ಳೆಯದಾ?

ನಿಮ್ಮ ಪ್ರಶ್ನೆಯ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ಮೊದಲ ಒಂದೆರಡು ವರ್ಷ ಕೋರ್ಸ್‌ಗಳೇ ಜಾಸ್ತಿ, ವಿಧಾನಗಳ ಪಾಯ ಗಟ್ಟಿಯಾಗುತ್ತದೆ. ಬ್ರಿಟನ್‌ನಲ್ಲಿ ಮೂರು ನಾಲ್ಕು ವರ್ಷ, ಹೆಚ್ಚಾಗಿ ನೇರ ಸಂಶೋಧನೆ. ನೆದರ್‌ಲ್ಯಾಂಡ್ಸ್, ಸ್ವೀಡನ್, ನಾರ್ವೆಗಳಲ್ಲಿ ಪಿಎಚ್‌ಡಿ ಅಂದರೆ ಬಹುಮಟ್ಟಿಗೆ ಸಂಬಳದ ನೌಕರಿ. ಹುದ್ದೆಗೆ ಜಾಹೀರಾತು ಬಂದಾಗ ಅರ್ಜಿ ಹಾಕಬೇಕು. ಸಾಲ ಮಾಡಿ ಮಾತ್ರ ಹೋಗಬೇಡಿ. ಫಂಡಿಂಗ್ ಇಲ್ಲದ ಪಿಎಚ್‌ಡಿ ಸೀಟು ಎಷ್ಟೇ ದೊಡ್ಡ ಹೆಸರಿನದಾದರೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಗಿದ ಮೇಲೆ ಕೆಲಸ ಸಿಗುತ್ತಾ?

ಸಿಗುತ್ತದೆ, ಆದರೆ ಎಲ್ಲರಿಗೂ ಊರಿನಲ್ಲೇ ಸಿಗುವುದಿಲ್ಲ. ಐಸಿಎಂಆರ್ ಸಂಸ್ಥೆಗಳಲ್ಲಿ ವಿಜ್ಞಾನಿ ಹುದ್ದೆ, ವಿಶ್ವವಿದ್ಯಾಲಯಗಳ ಸಾರ್ವಜನಿಕ ಆರೋಗ್ಯ ವಿಭಾಗ, ಸಂಶೋಧನಾ ಸಂಸ್ಥೆಗಳು, ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಗಳು, ಔಷಧ ಕಂಪನಿಗಳು ಇವೆ. ರೋಗ ಕಣ್ಗಾವಲು ಯೋಜನೆಯಲ್ಲಿ ಜಿಲ್ಲಾ ಎಪಿಡೆಮಿಯಾಲಜಿಸ್ಟ್ ಹುದ್ದೆ ಇದೆ. ಅದಕ್ಕೆ ಪಿಎಚ್‌ಡಿಯೇ ಬೇಕು ಎಂದೇನಿಲ್ಲ, ಹೆಚ್ಚಿನವು ಗುತ್ತಿಗೆಯವು. ಪಿಎಚ್‌ಡಿಗೆ ಮೊದಲು ಎರಡು ವರ್ಷ ಆ ಕೆಲಸ ಮಾಡಿ ಬಂದವರ ಸಂಶೋಧನೆ ಎಷ್ಟು ಗಟ್ಟಿ ಇರುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಮಧ್ಯದಲ್ಲಿ ಬೇಸರ ಬಂದರೆ?

ಬರುತ್ತದೆ. ನನಗೆ ಮೂರನೇ ವರ್ಷ ಬಂತು. ಹತ್ತಿರದವರಿಗೆ ಹೇಳಿ, ನಿದ್ದೆ ಊಟ ಕೆಟ್ಟರೆ ಡಾಕ್ಟರ ಹತ್ತಿರ ಹೋಗಿ. ಬಿಡಬೇಕು ಅನ್ನಿಸಿದರೆ ಬಿಡಬಹುದು, ಅದು ಸೋಲಲ್ಲ. ಆದರೆ ಆ ನಿರ್ಧಾರವನ್ನು ಪೇಪರ್ ತಿರಸ್ಕಾರವಾದ ವಾರದಲ್ಲಿ ಮಾಡಬೇಡಿ.

ಫಲಿತಾಂಶವನ್ನು ಹಳ್ಳಿಯವರಿಗೆ ಹೇಳಬೇಕಾ?

ಹೇಳಲೇಬೇಕು. ತೋಳು ಕೊಟ್ಟವರು ಅವರು. ನಾವು ಒಂದು ಪುಟದ ಕನ್ನಡ ಹಾಳೆ ಮಾಡಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪ್ರತಿ ಊರಿನ ಅಂಗನವಾಡಿಯಲ್ಲಿ ಒಂದು ಸಂಜೆ ಸೇರಿದೆವು. ‘ನಿಮ್ಮೂರಲ್ಲಿ 40 ದಾಟಿದ ಪ್ರತಿ 10 ಜನರಲ್ಲಿ ಇಷ್ಟು ಜನಕ್ಕೆ ಬಿಪಿ ಜಾಸ್ತಿ ಇದೆ, ಅವರಲ್ಲಿ ಇಷ್ಟು ಜನಕ್ಕೆ ಅದು ಗೊತ್ತೇ ಇಲ್ಲ’ ಎಂದು ಬೆರಳು ಮಡಿಸಿ ತೋರಿಸಿದೆ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: ‘ಹೊಳೆಯಾಚೆ ಊರಲ್ಲಿ ಎಷ್ಟು ಜನಕ್ಕೆ ಉಂಟು?’ ನನ್ನ ಹತ್ತಿರ ಆ ಲೆಕ್ಕ ಇತ್ತು, ಹೇಳಿದೆ. ‘ಅಲ್ಲಿ ಯಾಕೆ ಕಡಿಮೆ?’ ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅದರ ಮೇಲೆ ಕೆಲಸ ಮಾಡುತ್ತಿದ್ದೇನೆ.